ಐವತ್ತು ಅಲ್ಲಿ, ಅರವತ್ತು ಇಲ್ಲಿ: ಹೊರದೇಶದಲ್ಲಿದ್ದರೆ ಗಂಡ, ಹೆಂಡತಿಯ ದೊಡ್ಡ ಹುಟ್ಟುಹಬ್ಬ ಎಲ್ಲಿ ಮಾಡಬೇಕು?

ಮಾಮೂಲಿ ಹುಟ್ಟುಹಬ್ಬಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಕೇಕು, ಒಂದು ಪಾಯಸ, ಮುಗೀತು. ಐವತ್ತು ಬಂತು ಅಂದಾಗ ಮಾತ್ರ ಒಂದು ವರ್ಷ ಮೊದಲೇ ಫೋನುಗಳು ಶುರುವಾಗುತ್ತವೆ. "ಅಕ್ಕಾ, ನಮ್ಮನೆಯವರಿಗೆ ಬರೋ ವರ್ಷ ಐವತ್ತು. ಇಲ್ಲೇ ಫ್ರೆಂಡ್ಸ್ ಜೊತೆ ಮಾಡ್ಲಾ, ಇಲ್ಲಾ ಊರಿಗೇ ಬರ್ಲಾ?"

ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬಹಳ ವರ್ಷ ಇದ್ದು, ಈಗ ಚಿಕ್ಕಮಗಳೂರಿನ ಆಲ್ದೂರು ಕಡೆಯ ತೋಟಕ್ಕೆ ವಾಪಸು ಬಂದವರು. ನಮ್ಮ ಯಜಮಾನರ ಐವತ್ತು ಅಲ್ಲೇ ಆಯಿತು. ಈಗ ತೋಟದ ಮನೆಯಲ್ಲಿ ಕೆಲವು ರೂಮು ಹೋಮ್‌ಸ್ಟೇಗೆ ಬಿಟ್ಟಿದ್ದೇವೆ. ಊರಿಗೆ ಬಂದು ಹುಟ್ಟುಹಬ್ಬ ಮಾಡುವವರನ್ನೂ ನೋಡುತ್ತಿರುತ್ತೇನೆ. ಹೊರದೇಶದ ಉದಾಹರಣೆಗಳೆಲ್ಲ ನಾನು ಬಲ್ಲ ನೆದರ್ಲೆಂಡ್ಸ್‌ನವು. ನೀವು ಬೇರೆ ಕಡೆ ಇದ್ದರೆ ರಜೆ, ನಿಯಮಗಳನ್ನು ಅಲ್ಲಿಗೆ ತಕ್ಕಂತೆ ನೋಡಿಕೊಳ್ಳಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಐವತ್ತನ್ನು ಅಲ್ಲೇ ಮಾಡಿ, ಅರವತ್ತನ್ನು ಊರಲ್ಲಿ ಮಾಡಿ. ಐವತ್ತಕ್ಕೆ ನಮ್ಮಲ್ಲಿ ಶಾಸ್ತ್ರ ಅಂತ ಏನೂ ಇಲ್ಲ, ಅದು ಪೂರ್ತಿ ಸ್ನೇಹಿತರ ಹಬ್ಬ. ಅರವತ್ತಕ್ಕೆ ಶಾಸ್ತ್ರವಿದೆ, ಹಿರಿಯರು ಬೇಕು, ನೆಂಟರು ಬೇಕು. ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ಸ್ನೇಹಿತರಿಗೂ ಸಮಾಧಾನವಿಲ್ಲ, ನೆಂಟರಿಗೂ ಇಲ್ಲ.

ಆದರೂ ಎಲ್ಲರ ಮನೆಯೂ ಒಂದೇ ಥರ ಇರುವುದಿಲ್ಲವಲ್ಲ. ಹಾಗಾಗಿ ಜಾಗ ಹುಡುಕುವ ಮೊದಲು ಒಂದು ಹಾಳೆ ತಗೊಂಡು ಹೆಸರು ಬರೆಯಿರಿ. ನಿಮ್ಮ ಸ್ನೇಹಿತರ ಹೆಸರಲ್ಲ, ಹುಟ್ಟುಹಬ್ಬದವರ ಸ್ನೇಹಿತರ ಹೆಸರು. ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಹೋಗುತ್ತದೆ? ಆಸ್ಪತ್ರೆಗೆ ಓಡುವಾಗ ಮಕ್ಕಳನ್ನು ಯಾರ ಮನೆಯಲ್ಲಿ ಬಿಡುತ್ತೀರಿ? ಹೆಚ್ಚಿನವರ ಪಟ್ಟಿಯಲ್ಲಿ ಮುಕ್ಕಾಲು ಪಾಲು ಅಲ್ಲಿನವರೇ ಇರುತ್ತಾರೆ. ಕೆಲವರದ್ದು ಹಾಗಲ್ಲ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಗ್ಯಾಂಗು, ಇಲ್ಲವೇ ಚಿಕ್ಕಮಗಳೂರಿನ ಎಐಟಿ ಇಂಜಿನಿಯರಿಂಗ್ ಕಾಲೇಜಿನ ಬ್ಯಾಚು ಇವತ್ತಿಗೂ ಅವರ ಜೀವ. ಅಂಥವರಿಗೆ ಐವತ್ತಕ್ಕೂ ಊರೇ ಸರಿ.

ಅಲ್ಲೇ, ಮನೆಯಲ್ಲೇ

ಖರ್ಚು ಕಡಿಮೆ, ಓಡಾಟ ಕಡಿಮೆ. ಕಷ್ಟ ಬರುವುದು ಎರಡು ಥರದ ಸ್ನೇಹಿತರನ್ನು ಒಂದೇ ಹಾಲ್‌ನಲ್ಲಿ ಕೂರಿಸುವಾಗ.

ಡಚ್ಚರ ಹುಟ್ಟುಹಬ್ಬ ಗೊತ್ತಲ್ಲ. ಕುರ್ಚಿಗಳನ್ನು ಸುತ್ತ ಜೋಡಿಸುತ್ತಾರೆ. ಬಂದವರು ಒಂದು ಕಡೆಯಿಂದ ಎಲ್ಲರಿಗೂ ಕೈ ಕುಲುಕುತ್ತಾ ಬರುತ್ತಾರೆ. ಹುಟ್ಟುಹಬ್ಬದವರಿಗೆ ಮಾತ್ರ ಅಲ್ಲ, ಹೆಂಡತಿಗೆ, ಮಕ್ಕಳಿಗೆ, ಅತ್ತೆ ಮಾವ ಇದ್ದರೆ ಅವರಿಗೂ ಅಭಿನಂದನೆ. ಆಮೇಲೆ ಕಾಫಿ, ಒಂದು ತುಂಡು ಕೇಕು. ಊಟ ಇದೆ ಅಂತ ನೀವು ಬರೆದು ಹೇಳದಿದ್ದರೆ ಅವರು ಊಟಕ್ಕೆ ಅಂತ ಬರುವುದೇ ಇಲ್ಲ. ರಾತ್ರಿ ಊಟ ಅವರಿಗೆ ಸಂಜೆ ಆರಕ್ಕೇ ಆಗಬೇಕು. ನಮ್ಮವರು ಏಳಕ್ಕೆ ಕರೆದರೆ ಎಂಟಕ್ಕೆ ಬಂದು, ಹತ್ತಕ್ಕೆ ಮೊಸರನ್ನಕ್ಕೆ ಕೈ ಹಾಕುತ್ತಾರೆ.

ಇಬ್ಬರನ್ನೂ ಒಂದೇ ಹೊತ್ತಿಗೆ ಕರೆದರೆ ಅವರು ಹೊರಡುವಾಗ ಇವರು ಬರುತ್ತಾರೆ. ಮಧ್ಯೆ ಅಡುಗೆಮನೆಯಲ್ಲಿ ಬೇಯುವವರು ನೀವು. ಅದಕ್ಕೇ ನನ್ನ ಸಲಹೆ: ಹುಟ್ಟಿದ ದಿನ ಸಂಜೆ ಆಫೀಸಿನವರು, ಅಕ್ಕಪಕ್ಕದವರು, ಮಕ್ಕಳ ಶಾಲೆಯ ಪರಿಚಯದವರು ಬರಲಿ. ಅವರದೇ ರೀತಿಯಲ್ಲಿ ಕಾಫಿ, ಕೇಕು, ಜೊತೆಗೆ ಒಂದಿಷ್ಟು ಕೋಡುಬಳೆ. ಕೋಡುಬಳೆ ಮೊದಲು ಖಾಲಿಯಾಗುತ್ತದೆ. ಖಾರ ಸ್ವಲ್ಪ ಕಡಿಮೆ ಇರಲಿ ಅಷ್ಟೇ. ಕನ್ನಡದವರನ್ನು ಶನಿವಾರಕ್ಕೆ ಬೇರೆ ಕರೆಯಿರಿ.

ಡಚ್ ಸ್ನೇಹಿತರಿಗೆ ಎರಡು ತಿಂಗಳು ಮೊದಲೇ ಹೇಳಬೇಕು, ಅವರ ಡೈರಿ ತುಂಬಿರುತ್ತದೆ. ಒಮ್ಮೆ ಗೊತ್ತಾದರೆ ಮರೆಯುವವರಲ್ಲ ಬಿಡಿ, ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಟಾಯ್ಲೆಟ್‌ನಲ್ಲೇ ನೇತುಹಾಕಿ ದಿನಾ ನೋಡುವ ಜನ.

ಐವತ್ತಕ್ಕೆ ಅಲ್ಲಿ ಇನ್ನೊಂದು ತಮಾಷೆ ಇದೆ. ಗಂಡಸಿಗೆ ಐವತ್ತಾದರೆ ಅಬ್ರಹಾಮನನ್ನು ಕಂಡ ಅನ್ನುತ್ತಾರೆ, ಹೆಂಗಸಿಗಾದರೆ ಸಾರಾಳನ್ನು. "ನಿನಗಿನ್ನೂ ಐವತ್ತು ವರ್ಷ ಆಗಿಲ್ಲ, ನೀನು ಅಬ್ರಹಾಮನನ್ನು ನೋಡಿದೆಯಾ" ಅಂತ ಯೇಸುವನ್ನು ಕೇಳುವ ಮಾತು ಬೈಬಲ್‌ನ ಯೋಹಾನನ ಸುವಾರ್ತೆಯಲ್ಲಿದೆ. ಪದ್ಧತಿ ಬಂದದ್ದು ಅಲ್ಲಿಂದ. ಸ್ನೇಹಿತರು ಸೇರಿ ಮನೆ ಮುಂದೆ ಆಳೆತ್ತರದ ಅಬ್ರಹಾಮನ ಬೊಂಬೆ ನಿಲ್ಲಿಸುತ್ತಾರೆ. ನಮ್ಮ ಪಕ್ಕದ ಮನೆಯವರು ಹಳೇ ಪ್ಯಾಂಟಿಗೆ ಹುಲ್ಲು ತುಂಬಿ, ಗಡ್ಡ ಅಂಟಿಸಿ, ಕೊರಳಿಗೆ 50 ಅಂತ ಬೋರ್ಡು ಹಾಕಿ ಬೆಳಗಾಗುವುದರೊಳಗೆ ನಿಲ್ಲಿಸಿದ್ದರು. ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. "ಅದ್ಯಾಕೆ ಮನೆ ಮುಂದೆ ಬೆದರುಬೊಂಬೆ? ದೃಷ್ಟಿಗಾ?" ಅಂದರು. ಹೂಂ ಅಂದುಬಿಟ್ಟೆ. ಅಷ್ಟು ದೂರದಿಂದ ಅಬ್ರಹಾಮನ ಕತೆ ಯಾರು ಹೇಳುತ್ತಾ ಕೂರುವುದು?

ಇದು ಊರಿಗೆ ಬಂದರೆ ಸಿಗುವುದಿಲ್ಲ. ಆ ಬೀದಿಯ ಜನ ನಿಮ್ಮ ಗಂಡನನ್ನು ತಮ್ಮವನು ಅಂದುಕೊಂಡಿದ್ದಾರೆ ಅಂತ ಗೊತ್ತಾಗುವುದು ಇಂಥ ದಿನವೇ.

ಅಲ್ಲೇ, ಹಾಲ್ ಹಿಡಿದು

ಐವತ್ತು ಜನ ದಾಟಿದರೆ ಅಲ್ಲಿನ ಮನೆ ಸಾಲದು. ಬಡಾವಣೆಯ ಸಮುದಾಯ ಭವನಗಳು ಗಂಟೆ ಲೆಕ್ಕದಲ್ಲಿ ಸಿಗುತ್ತವೆ. ಆದರೆ ನಮ್ಮ ಹಾಸನದ ಕಲ್ಯಾಣ ಮಂಟಪದ ಥರ ಪಾತ್ರೆ, ಒಲೆ, ಬಡಿಸುವವರು ಸಮೇತ ಸಿಗುತ್ತದೆ ಅಂದುಕೊಳ್ಳಬೇಡಿ. ಕುರ್ಚಿ ಹಾಕುವವರು ನೀವೇ, ಎತ್ತುವವರು ನೀವೇ, ನೆಲ ಒರೆಸಿ ಬೀಗ ಕೊಡಬೇಕಾದವರೂ ನೀವೇ. ಹೊರಗಿನ ಊಟ ತರಬಹುದಾ, ಪಾನೀಯ ಅವರಲ್ಲೇ ತಗೋಬೇಕಾ, ಸಂಗೀತ ಎಷ್ಟು ಹೊತ್ತಿನವರೆಗೆ ಅಂತ ಕೇಳಿಯೇ ಮುಂಗಡ ಕೊಡಿ.

ನನಗೆ ಹಾಲ್ ಪಾರ್ಟಿ ಅಷ್ಟಕ್ಕಷ್ಟೆ. ಎಲ್ಲರೂ ಬರುತ್ತಾರೆ, ಯಾರ ಜೊತೆಗೂ ಐದು ನಿಮಿಷ ಮಾತಾಡಲು ಆಗುವುದಿಲ್ಲ. ಹೋಟೆಲಿನದ್ದೂ ಅದೇ ಕತೆ, ಬಿಲ್ಲು ಮಾತ್ರ ಜಾಸ್ತಿ.

ಅಲ್ಲೇ, ವಾರಾಂತ್ಯಕ್ಕೆ ಒಂದು ದೊಡ್ಡ ಮನೆ

ನನ್ನ ಓಟು ಇದಕ್ಕೆ. ನಾಲ್ಕೈದು ಕುಟುಂಬ ಸೇರಿ ಶುಕ್ರವಾರದಿಂದ ಸೋಮವಾರದವರೆಗೆ ಒಂದು ರಜಾ ಮನೆ ಬಾಡಿಗೆಗೆ ಹಿಡಿಯುವುದು. ಐಂಡ್‌ಹೋವನ್ ಕಡೆಯವರಿಗೆ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳು ಕಾರಿನಲ್ಲಿ ಎರಡು ಗಂಟೆ ದಾರಿ. ನೆದರ್ಲೆಂಡ್ಸ್‌ನ ಚಪ್ಪಟೆ ನೆಲ ನೋಡಿ ನೋಡಿ ಬೇಜಾರಾದ ಮಲೆನಾಡಿನವರಿಗೆ ಆ ಗುಡ್ಡ, ಕಾಡು, ಹೊಳೆ ಕಂಡರೇ ಅರ್ಧ ಹಬ್ಬ. ಇಪ್ಪತ್ತು ಜನ ಮಲಗುವಂಥ ಹಳೇ ಕಲ್ಲಿನ ಮನೆಗಳೂ ಸಿಗುತ್ತವೆ. ಬಾಡಿಗೆ ಹಂಚಿಕೊಂಡರೆ ಒಂದು ಮನೆಗೆ ಬೀಳುವ ಪಾಲು ಹೆಚ್ಚೇನೂ ಅಲ್ಲ.

ಇದರ ಲಾಭ ಏನೆಂದರೆ, ಹುಟ್ಟುಹಬ್ಬದವರಿಗೆ ಸ್ನೇಹಿತರು ನಿಜವಾಗಿ ಸಿಗುತ್ತಾರೆ. ರಾತ್ರಿ ಹಾಡು, ಇಸ್ಪೀಟು, ಬೆಳಿಗ್ಗೆ ಒಟ್ಟಿಗೆ ಕಾಫಿ. ಮಕ್ಕಳು ಕೈಗೇ ಸಿಗುವುದಿಲ್ಲ. ಕೇಕ್ ಕತ್ತರಿಸುವ ಶಾಸ್ತ್ರ ಐದು ನಿಮಿಷದಲ್ಲಿ ಮುಗಿದರೂ ಯಾರಿಗೂ ಬೇಜಾರಿಲ್ಲ.

ತೊಂದರೆ ಅಡುಗೆಮನೆಯದ್ದು. ಒಲೆ ಇಂಡಕ್ಷನ್ನಾ ಅಂತ ಮೊದಲೇ ಕೇಳಿ, ಅದಕ್ಕೆ ಹೊಂದುವ ಕುಕ್ಕರ್ ಒಯ್ಯಿರಿ. ನಮ್ಮ ಮನೆಯ ಅಲ್ಯೂಮಿನಿಯಂ ಕುಕ್ಕರ್ ಅಲ್ಲಿ ಸುಮ್ನೆ ಕೂತಿರುತ್ತದೆ. ಇನ್ನೊಂದು ಹೊಗೆ ಅಲಾರಾಂ. ನಾವು ಹೋದಾಗ ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಅಂತ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ್ದೇ ತಡ, ಇಡೀ ಮನೆ ಕಿರುಚತೊಡಗಿತು. ಒಬ್ಬರು ಸ್ಟೂಲ್ ಹತ್ತಿ ಟವೆಲ್ ಬೀಸುತ್ತಿದ್ದಾರೆ, ಇನ್ನೊಬ್ಬರು ಕಿಟಕಿ ತೆರೆಯುತ್ತಿದ್ದಾರೆ. ಐವತ್ತರ ಯಜಮಾನರು ಲುಂಗಿಯಲ್ಲೇ ಚಳಿಗೆ ಹೊರಗೋಡಿ ಅಲ್ಲಿಂದ "ರವೆ ಹೊತ್ತಿಸಬೇಡಿ" ಅಂತ ಕೂಗುತ್ತಿದ್ದಾರೆ. ಒಗ್ಗರಣೆಯ ಪುಡಿಯನ್ನೋ ಗೊಜ್ಜನ್ನೋ ಮನೆಯಿಂದಲೇ ಮಾಡಿಕೊಂಡು ಹೋದರೆ ಈ ರಗಳೆ ಇಲ್ಲ.

ಯಾರು ಯಾವ ಹೊತ್ತಿನ ಅಡುಗೆ ಅಂತ ಹೋಗುವ ಮೊದಲೇ ಹಂಚಿ. ಆ ಪಟ್ಟಿಯಲ್ಲಿ ಹುಟ್ಟುಹಬ್ಬದವರ ಹೆಸರು ಬೇಡ. ಹೆಂಡತಿಯ ಐವತ್ತಾಗಿದ್ದರಂತೂ ಇದನ್ನು ಗಂಡಂದಿರು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕು. ಅವಳ ಹಬ್ಬದ ದಿನ ಅವಳೇ ಇಪ್ಪತ್ತು ಜನಕ್ಕೆ ಚಪಾತಿ ಲಟ್ಟಿಸಿದ ಮನೆಗಳು ನನಗೆ ಗೊತ್ತು.

ಊರಿಗೇ ಬಂದರೆ

ಆಸೆ ಎಲ್ಲರಿಗೂ ಇದೆ. ತೋಟ, ಮಂಜು, ಕಡುಬು, ಕೋಳಿ ಸಾರು, ಹಳೇ ಸ್ನೇಹಿತರು. ಮಾಡಬಹುದು, ಚೆನ್ನಾಗಿಯೂ ಆಗುತ್ತದೆ. ಆದರೆ ಯಾವಾಗ ಬರುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನೆದರ್ಲೆಂಡ್ಸ್‌ನಲ್ಲಿ ಐದು ವರ್ಷ ತುಂಬಿದ ಮಕ್ಕಳನ್ನು ಶಾಲೆ ನಡೆಯುವಾಗ ಪ್ರವಾಸಕ್ಕೆ ಕರೆದುಕೊಂಡು ಹೋಗುವಂತಿಲ್ಲ. ಹೋದರೆ ದಂಡ. ಅಪ್ಪನಿಗೆ ಐವತ್ತು ಅಂದರೆ ಶಾಲೆಯವರು ಶುಭಾಶಯ ಹೇಳಿಯಾರು, ರಜೆ ಕೊಡುವುದು ಕಷ್ಟ. ಹಾಗಾಗಿ ರಜೆ ಬಂದಾಗಲೇ ಬರಬೇಕು.

ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಆಗ ಇಲ್ಲಿ ಮಳೆ ಅಂದರೆ ಮಳೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಬಟ್ಟೆ ಒಣಗುವುದಿಲ್ಲ, ಕರೆಂಟು ದಿನಗಟ್ಟಲೆ ಬರುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರು ವಿಮಾನ ನಿಲ್ದಾಣದಿಂದ ಬರುವವರ ಕತೆ ಮುಗೀತು. ಈ ತಿಂಗಳಲ್ಲಿ ಮಾಡಲೇಬೇಕು ಅಂದರೆ ತೋಟದ ಆಸೆ ಬಿಟ್ಟು ಹಾಸನ ಪಟ್ಟಣಕ್ಕೆ ಬನ್ನಿ. ಸಕಲೇಶಪುರದಷ್ಟು ಮಳೆ ಅಲ್ಲಿಲ್ಲ. ಬೆಂಗಳೂರಿನಿಂದ ಸುಮಾರು 185 ಕಿಲೋಮೀಟರ್, ದಾರಿಯಲ್ಲಿ ಘಾಟಿ ಇಲ್ಲ. ಆಷಾಢ ಮುಗಿಯುವವರೆಗೆ ಮದುವೆಗಳಿಲ್ಲ, ಮಂಟಪಗಳು ಖಾಲಿ, ಅಡುಗೆಯವರೂ ಬಿಡುವು. ಹಿರಿಯರು "ಆಷಾಢದಲ್ಲಿ ಎಂಥ ಸಮಾರಂಭ" ಅಂತ ಒಂದು ಮಾತು ಆಡಿಯೇ ಆಡುತ್ತಾರೆ. ಹುಟ್ಟಿದ್ದೇ ಆಷಾಢದಲ್ಲಿ ಅಲ್ವಾ ಅಂದರೆ ಸುಮ್ಮನಾಗುತ್ತಾರೆ.

ಅಕ್ಟೋಬರ್‌ನಲ್ಲಿ ಒಂದು ವಾರ ರಜೆ ಇದೆ. ಅಷ್ಟರಲ್ಲಿ ಬಂದು ಹೋಗುವುದು ಬರೀ ಆಯಾಸ. ಜೊತೆಗೆ ದೀಪಾವಳಿ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ವರ್ಷಕ್ಕೆ ಅದೊಂದೇ ಸಲ. ಆಗ ಹಾಸನದಲ್ಲಿ ರೂಮು ಸಿಗುವುದು ದೇವಿಯ ದರ್ಶನಕ್ಕಿಂತ ಕಷ್ಟ.

ಕ್ರಿಸ್‌ಮಸ್ ರಜೆಗೆ ಹವೆ ಏನೋ ಚೆನ್ನ. ಆದರೆ ಬೆಂಗಳೂರು ಪೂರ್ತಿ ನಮ್ಮ ಗುಡ್ಡದ ಮೇಲಿರುತ್ತದೆ, ಹೋಮ್‌ಸ್ಟೇ ದರ ಏರಿರುತ್ತದೆ. ಹೊರಗಿನವರಿಗೆ ತಿಳಿಯದ ಇನ್ನೊಂದು ವಿಷಯ: ಅದು ಕಾಫಿ ಕೊಯ್ಲು. ನೀವು ಶಾಮಿಯಾನ ಹಾಕಿಸಬೇಕು ಅಂದುಕೊಂಡ ಕಣದ ತುಂಬ ಕಾಫಿ ಹರಡಿರುತ್ತದೆ. ಒಣಗುತ್ತಿರುವ ಕಾಫಿಯನ್ನು ಹುಟ್ಟುಹಬ್ಬಕ್ಕೆ ಅಂತ ಯಾವ ಪ್ಲಾಂಟರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ತೋಟ ಇರುವ ಸ್ನೇಹಿತರೂ ಕೂಲಿಯವರ ಲೆಕ್ಕ ಮುಗಿಸಿ ಕತ್ತಲಾದ ಮೇಲೇ ಬರುವುದು.

ಉಳಿದಿದ್ದು ಏಪ್ರಿಲ್ ಕೊನೆ, ಮೇ ಮೊದಲ ವಾರ. ಅಲ್ಲಿ ಮೇ ರಜೆ, ಇಲ್ಲಿ ಬೇಸಿಗೆ ರಜೆ. ನಿಮ್ಮ ಮಕ್ಕಳೂ ಬಿಡುವು, ಇಲ್ಲಿನ ಸ್ನೇಹಿತರ ಮಕ್ಕಳೂ ಬಿಡುವು. ಕಾಫಿ ಹೂವು ಮುಗಿದಿರುತ್ತದೆ, ಕಣ ಖಾಲಿ, ಹಲಸು, ಮಾವು ಬಂದಿರುತ್ತವೆ. ಸಂಜೆ ಗುಡುಗು ಮಳೆ ಬರಬಹುದು, ಅದಕ್ಕೊಂದು ಟಾರ್ಪಾಲ್ ಇರಲಿ. ಮದುವೆ ಕಾಲವಾದ್ದರಿಂದ ಮಂಟಪ ಸಿಗುವುದಿಲ್ಲ, ಒಳ್ಳೆ ಅಡುಗೆಯವರನ್ನು ಜನವರಿಯಲ್ಲೇ ಹೇಳಿಡಬೇಕು. ಹುಟ್ಟಿದ ದಿನ ನವೆಂಬರ್‌ನಲ್ಲಿದ್ದರೂ ಮೇಯಲ್ಲಿ ಪಾರ್ಟಿ ಮಾಡಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಅಲ್ಲಿನ ವಿದೇಶಿ ಸ್ನೇಹಿತರೂ ಬರುವುದಾದರೆ ಅವರ ಇ-ವೀಸಾವನ್ನು ನೀವೇ ಜೊತೆಗೆ ಕೂತು ಹಾಕಿಸಿ. ಉಳಿಯುವ ಹೋಮ್‌ಸ್ಟೇಯವರು ವಿದೇಶಿಯರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಮೊದಲು ಇದನ್ನು ಫಾರಂ ಸಿ ಅನ್ನುತ್ತಿದ್ದರು, 2025ರಿಂದ ಫಾರಂ 3. "ವಿದೇಶಿಯರ ಫಾರಂ ತುಂಬ್ತೀರಾ?" ಅಂತ ಬುಕ್ ಮಾಡುವಾಗಲೇ ಕೇಳಿ. "ಅದೇನು?" ಅಂದರೆ ಬೇರೆ ಕಡೆ ನೋಡಿ. ಅವರನ್ನು ಒಂದು ದಿನ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿ. ಚಿಕ್ಕಮಗಳೂರಿನಿಂದ ಬೇಲೂರು ಸುಮಾರು 25 ಕಿಲೋಮೀಟರ್ ಅಷ್ಟೇ. 2023ರಿಂದ ಅವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಅವರೇ ಓದಿಕೊಂಡು ಬಂದಿರುತ್ತಾರೆ. ಮುಳ್ಳಯ್ಯನಗಿರಿಗೆ ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಬೇಗ.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಮಂಟಪದಲ್ಲಿ ಮದ್ಯ ಕೊಡುವುದಾದರೆ ಅಬಕಾರಿ ಇಲಾಖೆಯ ಒಂದು ದಿನದ ಪರವಾನಗಿ ಬೇಕು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಟವಿದೆ. ಪಾರ್ಟಿ ಮುಗಿಸಿ ಹಾಗೇ ತೋಟದಲ್ಲಿ ಒಂದು ಸುತ್ತು ಹಾಕಿ ಬರೋಣ ಅನ್ನುವವರನ್ನು ಹಿಡಿದು ಕೂರಿಸಿ.

ಇಷ್ಟೆಲ್ಲ ಸಂಭಾಳಿಸಬಹುದು. ಸಂಭಾಳಿಸಲು ಆಗದ್ದು ಪಟ್ಟಿ. ನೀವು ಬಂದಿರುವುದು ಊರಿಗೆ. ಮೂವತ್ತು ಸ್ನೇಹಿತರನ್ನು ಮಾತ್ರ ಕರೆಯುತ್ತೇನೆ ಅಂದರೆ ನಡೆಯುವುದಿಲ್ಲ. ದೊಡ್ಡಪ್ಪನ ಮನೆಯವರನ್ನು ಕರೆದರೆ ಚಿಕ್ಕಪ್ಪನ ಮನೆಯವರನ್ನು ಬಿಡುವ ಹಾಗಿಲ್ಲ. ಭಾವನ ಬೀಗರು, ಪಕ್ಕದ ತೋಟದವರು, ಅತ್ತೆಯ ಭಜನೆ ಮಂಡಳಿ. ಅಡುಗೆಯವರು "ಎಷ್ಟು ಎಲೆ?" ಅಂತ ಕೇಳಿದಾಗ ಇನ್ನೂರು ಅನ್ನುತ್ತಿರುತ್ತೀರಿ. ಇನ್ನೂರು ಜನರ ಮುಂದೆ ಹಾಸ್ಟೆಲ್ ಸ್ನೇಹಿತರು ಬಾಯಿ ಬಿಡುವುದಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಮೈಸೂರು ಪಾಕ್ ತಿಂದು, "ಸಿಗೋಣ ಮಗಾ" ಅಂತ ಹೇಳಿ ಹೋಗುತ್ತಾರೆ.

ದಾರಿ ಒಂದಿದೆ. ಮಧ್ಯಾಹ್ನ ಮನೆಯಲ್ಲಿ ನೆಂಟರಿಗೆ ಎಲೆ ಊಟ, ಕಾಯಿ ಹೋಳಿಗೆ, ಆಶೀರ್ವಾದ. ಸಂಜೆ ಬೇರೆ ಕಡೆ, ಹೋಮ್‌ಸ್ಟೇಯಲ್ಲೋ ಯಾರದ್ದಾದರೂ ತೋಟದ ಮನೆಯಲ್ಲೋ, ಸ್ನೇಹಿತರು ಮಾತ್ರ. ಸಂಜೆಯದ್ದಕ್ಕೆ ಆಮಂತ್ರಣವೂ ಬೇಡ, ವಾಟ್ಸ್ಯಾಪ್ ಸ್ಟೇಟಸ್ಸೂ ಬೇಡ.

ಸರ್ಪ್ರೈಸ್ ಮಾಡಬೇಕಾ?

ಅಲ್ಲಿಯ ವಾರಾಂತ್ಯಕ್ಕೆ ಆಗುತ್ತದೆ. ಊರಿನದಕ್ಕೆ ಬೇಡ. ಹೇಳದೆ ಟಿಕೆಟ್ ಮಾಡಿಸಿದರೆ ಆ ವಾರವೇ ಅವರ ಆಫೀಸಿನಲ್ಲಿ ಏನೋ ಇರುತ್ತದೆ. ಅದೂ ಅಲ್ಲದೆ ಊರಿನವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಂಗಡಿಯವರೇ ಫೋನ್ ಮಾಡಿ "ಬರ್ತಿದ್ದೀರಂತೆ, ಐವತ್ತಂತೆ" ಅಂದಿರುತ್ತಾರೆ.

ಅರವತ್ತು ಯಾಕೆ ಬೇರೆ

ಷಷ್ಟ್ಯಬ್ದಿಗೆ ಇಂಗ್ಲಿಷ್ ತಾರೀಕು ನಡೆಯುವುದಿಲ್ಲ. ಅರವತ್ತು ಸಂವತ್ಸರಗಳ ಚಕ್ರ ಮುಗಿದು, ಹುಟ್ಟಿದ ಸಂವತ್ಸರವೇ ಮತ್ತೆ ಬರುತ್ತದೆ. 1966ರ ಯುಗಾದಿ ಕಳೆದು ಹುಟ್ಟಿದವರದು ಪರಾಭವ ಸಂವತ್ಸರ. 2026ರ ಯುಗಾದಿಯಿಂದ ಮತ್ತೆ ಪರಾಭವ. ಅದರಲ್ಲಿ ಅವರ ಮಾಸ, ನಕ್ಷತ್ರ ನೋಡಿ ದಿನ ಹೇಳುತ್ತಾರೆ. ಉಗ್ರರಥ ಶಾಂತಿ ಮಾಡುವ ಮನೆಯವರು ಐವತ್ತೊಂಬತ್ತು ತುಂಬಿ ಅರವತ್ತಕ್ಕೆ ಬಿದ್ದಾಗಲೇ ಮಾಡುತ್ತಾರೆ. ಅಂದರೆ ನೀವು ಅಂದುಕೊಂಡದ್ದಕ್ಕಿಂತ ಒಂದು ವರ್ಷ ಮೊದಲೇ ರಜೆ ಬೇಕಾಗಬಹುದು. ನಿಮ್ಮ ಮನೆಯ ಪದ್ಧತಿ ಯಾವುದು ಅಂತ ಹಿರಿಯರನ್ನು ಕೇಳಿಕೊಳ್ಳಿ.

ಪುರೋಹಿತರು ಹೊರದೇಶದಲ್ಲೂ ಸಿಗುತ್ತಾರೆ. ಆದರೆ ಕಲಶದ ನೀರು ಹಾಕಲು, ಅಕ್ಷತೆ ಹಾಕಲು ಕೈಗಳು ಬೇಕಲ್ಲ? ಗಂಡ ಹೆಂಡತಿಗೆ ಮತ್ತೆ ತಾಳಿ ಕಟ್ಟುವಾಗ ಮೊದಲ ಮದುವೆ ನೋಡಿದ ಸೋದರತ್ತೆ ಪಕ್ಕದಲ್ಲಿ ನಿಂತು ರೇಗಿಸಬೇಕು. ಅವರನ್ನು ಆ ವಯಸ್ಸಿನಲ್ಲಿ ವಿಮಾನ ಹತ್ತಿಸುವುದಕ್ಕಿಂತ ನೀವು ಬರುವುದೇ ಸುಲಭ. ಅಷ್ಟು ಹೊತ್ತಿಗೆ ಮಕ್ಕಳ ಶಾಲೆಯ ಕಾಟವೂ ಮುಗಿದಿರುತ್ತದೆ, ಯಾವ ತಿಂಗಳಾದರೂ ಬರಬಹುದು. ಇನ್ನೂರು ಎಲೆ ಅಂತ ಹೆದರುವುದೂ ಬೇಕಿಲ್ಲ, ಈ ಸಮಾರಂಭ ನೆಂಟರದ್ದೇ. ಜಾತಕ ಹಿಡಿದು ಮೊದಲು ಪುರೋಹಿತರ ಹತ್ತಿರ ದಿನ ಕೇಳಿ, ಆಮೇಲೆ ಮಂಟಪ, ಆಮೇಲೆ ಅಡುಗೆಯವರು. ವಿಮಾನದ ಟಿಕೆಟ್ ಇವು ಮೂರೂ ಗಟ್ಟಿಯಾದ ಮೇಲೆ.